ಶಾಲಾ ಗ್ರಂಥಾಲಯದ ಮಾನದಂಡ: ಅಂಕಿಗಳು ಎಲ್ಲಿ ಹೋದವು?

ಪ್ರಶ್ನೆ: ನಾನು ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಎ. ಮಟ್ಟದ ಓದು ಓದುತ್ತಿದ್ದೇನೆ. ಅಮೆರಿಕದ ಶಾಲಾ ಗ್ರಂಥಾಲಯ ಮಾನದಂಡಗಳ ಬಗ್ಗೆ ಸೆಮಿನಾರ್ ಕೊಡಬೇಕು. 1960ರದ್ದರಲ್ಲಿ ಬರೀ ಲೆಕ್ಕ: ಇಷ್ಟು ಮಕ್ಕಳಿಗೆ ಇಷ್ಟು ಪುಸ್ತಕ, ಇಷ್ಟು ಸಿಬ್ಬಂದಿ. ಈಗಿನದರಲ್ಲಿ ಅಂಥ ಲೆಕ್ಕವೇ ಸಿಗಲಿಲ್ಲ. ಇದು ಮುನ್ನಡೆಯೋ, ನುಣುಚಿಕೊಳ್ಳುವುದೋ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇದೆ. ಲೆಕ್ಕ ಯಾಕೆ ಹುಟ್ಟಿತು ಅನ್ನುವುದನ್ನು ಮೊದಲು ನೋಡಿ. ಆಮೇಲೆ ಅದು ಯಾಕೆ ಹೋಯಿತು ಅನ್ನುವುದು ತಾನಾಗಿ ತಿಳಿಯುತ್ತದೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಬಹಳಷ್ಟು ಹೈಸ್ಕೂಲುಗಳಲ್ಲಿ ಗ್ರಂಥಾಲಯ ಅಂದರೆ ಒಂದಷ್ಟು ಹಳೇ ಪುಸ್ತಕಗಳ ರಾಶಿ, ಅಷ್ಟೇ. ಡೆಟ್ರಾಯಿಟ್‌ನ ಇಂಗ್ಲಿಷ್ ಮೇಷ್ಟ್ರು ಸಿ.ಸಿ. ಸರ್ಟನ್ ಅವರ ಮುಂದಾಳತ್ವದ ಸಮಿತಿ ಒಂದು ವರದಿ ಸಿದ್ಧಮಾಡಿತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಅದನ್ನು 1920ರಲ್ಲಿ ಪ್ರಕಟಿಸಿತು. ಸರಿಯಾದ ಕೋಣೆ, ತರಬೇತಿ ಪಡೆದ ಗ್ರಂಥಪಾಲಕರು, ಯೋಚಿಸಿ ಆರಿಸಿದ ಪುಸ್ತಕ, ಪ್ರತಿ ವರ್ಷ ಹಣ ಬೇಕು ಎಂದಿತು ಆ ವರದಿ. ಪ್ರಾಥಮಿಕ ಶಾಲೆಗಳ ವರದಿ 1925ರಲ್ಲಿ ಬಂತು. ಏನೂ ಇಲ್ಲದ ಕಡೆ ಮೊದಲು ಕೇಳಬೇಕಾದದ್ದೇ ಕೋಣೆ, ಪುಸ್ತಕ, ಆಳು. ಅಲ್ವಾ?

1945ರಲ್ಲಿ ಇನ್ನೊಂದು ಆವೃತ್ತಿ ಬಂತು. ನಿಜವಾಗಿ ಸದ್ದು ಮಾಡಿದ್ದು 1960ರದ್ದು. ಹೊತ್ತು ಅಂಥದ್ದು. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಉಪಗ್ರಹ ಹಾರಿಸಿದ್ದರು, ತಮ್ಮ ಶಾಲೆಗಳು ಹಿಂದೆ ಬಿದ್ದಿವೆ ಎಂಬ ಗಾಬರಿ ಅಮೆರಿಕಕ್ಕೆ ಹಿಡಿದಿತ್ತು. 1960ರ ಮಾನದಂಡ ಸುಮಾರು 300 ಮಕ್ಕಳಿಗೆ ಒಬ್ಬ ಗ್ರಂಥಪಾಲಕರನ್ನು ಕೇಳಿತು. ಸಾಧಾರಣ ಗಾತ್ರದ ಶಾಲೆಗೆ 6,000ದಿಂದ 10,000 ಪುಸ್ತಕ ಬೇಕೆಂದಿತು. ಆಗಿನ ಶಾಲೆಗಳು ಇದರ ಹತ್ತಿರಕ್ಕೂ ಬಂದಿರಲಿಲ್ಲ. ಆದರೆ ಕೊರತೆ ಎಷ್ಟು ಅಂತ ಎಲ್ಲರ ಮುಂದೆ ತೋರಿಸಲು ಒಂದು ಅಂಕಿ ಸಿಕ್ಕಿತು. ಒಳ್ಳೆಯ ಗ್ರಂಥಾಲಯ ಹೇಗಿರುತ್ತದೆಂದು ತೋರಿಸಲು ನ್ಯಾಪ್ ಫೌಂಡೇಷನ್ ಹಣದಿಂದ ಕೆಲವು ಮಾದರಿ ಶಾಲೆಗಳೂ ತಯಾರಾದವು. 1965ರ ಶಿಕ್ಷಣ ಕಾಯಿದೆ ಶಾಲಾ ಗ್ರಂಥಾಲಯ ಸಾಮಗ್ರಿಗೆಂದೇ 10 ಕೋಟಿ ಡಾಲರ್ ತೆಗೆದಿಟ್ಟಿತು. ಅಂಕಿಗಳಿಗೇ ಈ ಪೂರ್ತಿ ಶ್ರೇಯಸ್ಸು ಅಂತ ನಾನು ಹೇಳುವುದಿಲ್ಲ. ಆದರೆ ಬಜೆಟ್ ಬರೆಯುವವರ ಎದುರು ಕೂತಾಗ ಕೈಯಲ್ಲಿ ಒಂದು ಅಂಕಿ ಇರಬೇಕು. ಸುಮ್ನೆ ‘ಇನ್ನಷ್ಟು ಕೊಡಿ’ ಅಂದರೆ ಯಾರೂ ಕೊಡುವುದಿಲ್ಲ.

ಆಮೇಲೆ ಲೆಕ್ಕ ಏರುತ್ತಲೇ ಹೋಯಿತು. 1969ರ ಹೊತ್ತಿಗೆ 250 ಮಕ್ಕಳಿಗೆ ಒಬ್ಬರು, ಮಗುವಿಗೆ 20 ಪುಸ್ತಕ. ಹೆಸರೂ ಬದಲಾಯಿತು. ಫಿಲ್ಮು, ಟೇಪು, ಪ್ರೊಜೆಕ್ಟರು ಎಲ್ಲ ಒಳಗೆ ಬಂದಿದ್ದರಿಂದ ಗ್ರಂಥಾಲಯ ‘ಮೀಡಿಯಾ ಸೆಂಟರ್’ ಆಯಿತು, ಗ್ರಂಥಪಾಲಕರು ‘ಮೀಡಿಯಾ ಸ್ಪೆಷಲಿಸ್ಟ್’ ಆದರು. (2010ರಲ್ಲಿ ಶಾಲಾ ಗ್ರಂಥಪಾಲಕರ ಸಂಘ ಮತ್ತೆ ‘ಸ್ಕೂಲ್ ಲೈಬ್ರೇರಿಯನ್’ ಅನ್ನುವ ಹಳೇ ಹೆಸರಿಗೇ ಬಂತು. ಒಳ್ಳೇದಾಯಿತು.)

ತಿರುವು ಬಂದದ್ದು 1988ರಲ್ಲಿ. ಆ ವರ್ಷ ಬಂದ ‘ಇನ್ಫರ್ಮೇಷನ್ ಪವರ್’ ಅನ್ನುವ ಹೊಸ ಮಾನದಂಡ ಎಲ್ಲ ಶಾಲೆಗೂ ಒಂದೇ ಅಳತೆ ಹಾಕುವುದನ್ನು ಬಿಟ್ಟಿತು. ಆಯಾ ಶಾಲೆ ತನ್ನ ಅಗತ್ಯ ನೋಡಿ ಯೋಜನೆ ಮಾಡಿಕೊಳ್ಳಲಿ, ಗ್ರಂಥಪಾಲಕರು ಪಾಠ ಮಾಡುವವರ ಜೊತೆ ಕೂತು ಕೆಲಸ ಮಾಡಲಿ ಎಂದಿತು. ಹತ್ತು ವರ್ಷದ ನಂತರ, 1998ರಲ್ಲಿ ಬಂದ ಹೊಸ ಆವೃತ್ತಿ ಪುಸ್ತಕದ ಬದಲು ಮಗುವನ್ನೇ ಮುಂದಿಟ್ಟಿತು. ಅದರ ಒಂಬತ್ತು ಮಾನದಂಡಗಳೂ ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದರ ಬಗ್ಗೆ: ಮಾಹಿತಿ ಹುಡುಕುವುದು, ಅದು ನಂಬಬಹುದಾದದ್ದೇ ಎಂದು ತೂಗುವುದು, ಬಳಸುವುದು. 2007ರದ್ದೂ ಅದೇ ದಾರಿ ಹಿಡಿಯಿತು. ನೀವು ನೋಡಿದ ಈಗಿನದು 2017ರ ನವೆಂಬರಿನಲ್ಲಿ ಬಂದದ್ದು. ಪುಸ್ತಕದಲ್ಲಿ 2018 ಅಂತ ಇರುತ್ತದೆ, ಸೆಮಿನಾರಿನಲ್ಲಿ ಯಾರಾದರೂ ತಪ್ಪು ಹಿಡಿದರೆ ಗಾಬರಿಯಾಗಬೇಡಿ. ಅದರಲ್ಲಿ ಕಲಿಯುವವರಿಗೆ, ಗ್ರಂಥಪಾಲಕರಿಗೆ, ಗ್ರಂಥಾಲಯಕ್ಕೆ ಅಂತ ಮೂರು ಕಟ್ಟು ಮಾನದಂಡಗಳಿವೆ. ಪ್ರಶ್ನಿಸಿ ಹುಡುಕುವುದು, ಎಲ್ಲರನ್ನೂ ಒಳಗೊಳ್ಳುವುದು, ಕೂಡಿ ಕೆಲಸ ಮಾಡುವುದು ಮುಂತಾದ ಆರು ತಳಹದಿಗಳು ಮೂರಕ್ಕೂ ಒಂದೇ.

ಇನ್ನು ನಿಮ್ಮ ಪ್ರಶ್ನೆ. ಬದಲಾವಣೆಯ ತರ್ಕ ಸರಿಯಿದೆ. ಹತ್ತು ಸಾವಿರ ಪುಸ್ತಕ ಇದ್ದೂ ಒಂದನ್ನೂ ಮಕ್ಕಳು ಮುಟ್ಟದಿದ್ದರೆ ಲೆಕ್ಕ ಪಾಸು, ಗ್ರಂಥಾಲಯ ಫೇಲು. ಇಂಟರ್‌ನೆಟ್ ಬಂದಮೇಲಂತೂ ಪುಸ್ತಕ ಎಣಿಸಿ ಏನೂ ಹೇಳಲಾಗುವುದಿಲ್ಲ. ಆದರೆ ಇದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ ಅಂತ ನನ್ನ ಅಭಿಪ್ರಾಯ. ಹಣ ಕಮ್ಮಿಯಾದಾಗ ಶಾಲೆಗಳು ಮೊದಲು ಕೈಹಾಕುವ ಜಾಗಗಳಲ್ಲಿ ಗ್ರಂಥಪಾಲಕರ ಹುದ್ದೆಯೂ ಒಂದು. ಆಗ ‘ಮಕ್ಕಳಲ್ಲಿ ಕುತೂಹಲ ಬೆಳೆಸುತ್ತೇವೆ’ ಅನ್ನುವ ವಾಕ್ಯಕ್ಕಿಂತ ‘300ಕ್ಕೆ ಒಬ್ಬರು’ ಅನ್ನುವುದು ಗಟ್ಟಿ. ಶಾಲಾ ಗ್ರಂಥಪಾಲಕರ ಸಂಘಕ್ಕೂ ಇದು ಗೊತ್ತು. ಪ್ರತಿ ಶಾಲೆಗೆ ಕನಿಷ್ಠ ಒಬ್ಬ ಪೂರ್ಣಾವಧಿ ಅರ್ಹ ಗ್ರಂಥಪಾಲಕರು ಬೇಕೆಂದು ಅದು ಬೇರೆ ಹೇಳಿಕೆಯಲ್ಲಿ ಕೇಳುತ್ತಲೇ ಇದೆ. ಅಂದರೆ ಅಂಕಿ ಪೂರ್ತಿ ಹೋಗಿಲ್ಲ, ಜಾಗ ಬದಲಿಸಿದೆ. ಸೆಮಿನಾರಿನಲ್ಲಿ ಈ ಅಂಶವನ್ನೇ ಹಿಡಿದು ಮಾತಾಡಿ.

ಪ್ರಶ್ನೆ: ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಗ್ರಂಥಪಾಲಕರಿಲ್ಲ, ಗ್ರಂಥಾಲಯದ ಚಾರ್ಜ್ ನನಗಿದೆ. ಇಂಥ ಮಾನದಂಡ ನಮಗೆ ಉಪಯೋಗವೇ?
– ಶಿಕ್ಷಕರು, ಮೈಸೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಇದಕ್ಕೆ ಇರುವುದು ಒಂದೇ ಸಾಲು: ಪ್ರತಿ ಶಾಲೆಗೆ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ನಿಯತಕಾಲಿಕೆ, ಕಥೆ ಪುಸ್ತಕ ಸೇರಿ ಎಲ್ಲ ವಿಷಯದ ಪುಸ್ತಕಗಳಿರಬೇಕು. ಎಷ್ಟು ಪುಸ್ತಕ, ಯಾರು ನೋಡಿಕೊಳ್ಳಬೇಕು ಎಂಬ ಮಾತು ಆ ಸಾಲಿನಲ್ಲಿಲ್ಲ. ಹಾಗಾಗಿ ನಾವು ಇನ್ನೂ 1920ರ ಪ್ರಶ್ನೆಗಳನ್ನೇ ಕೇಳಬೇಕಾದ ಜಾಗದಲ್ಲಿದ್ದೇವೆ. ಹಳೇ ಅಂಕಿಗಳನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಣ ಕೇಳಲು ಇಟ್ಟುಕೊಳ್ಳಿ, ಹೊಸ ವಿಚಾರವನ್ನು ತರಗತಿಗೆ ಇಟ್ಟುಕೊಳ್ಳಿ. ಬೀರುವಿನ ಬೀಗ ತೆಗೆಯಿರಿ. ವಾರಕ್ಕೊಂದು ಪೀರಿಯಡ್ ಓದಿಗೇ ಬಿಡಿ. ಕೊಟ್ಟು-ತೆಗೆದುಕೊಳ್ಳುವ ರಿಜಿಸ್ಟರನ್ನು ಏಳನೇ ತರಗತಿ ಮಕ್ಕಳೇ ಬರೆಯಲಿ. ಯಾವ ಪುಸ್ತಕ ಜಾಸ್ತಿ ಓಡುತ್ತದೆ ಅಂತ ಅದರಲ್ಲೇ ಕಾಣುತ್ತದೆ, ಮುಂದಿನ ಸಲ ಹಣ ಬಂದಾಗ ಅದನ್ನು ನೋಡಿ ಪುಸ್ತಕ ತರಿಸಿ. ಪುಸ್ತಕ ಸಾಲದಿದ್ದರೆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ.