ವರ್ಷಕ್ಕೊಮ್ಮೆ ಬರುವ ದುಡ್ಡು, ದಿನಾ ಆಗುವ ಖರ್ಚು

ಓದುಗರ ಪ್ರಶ್ನೆಗೆ ಕುಟುಂಬ ಹಣಕಾಸು ಸಲಹೆಗಾರರ ಉತ್ತರ

ಪ್ರಶ್ನೆ: ಮನೆಯಲ್ಲಿ ಐದು ಜನ ಇದ್ದೇವೆ. ನಾನು, ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. 12 ಗುಂಟೆ ಅಡಿಕೆ ತೋಟ ಇದೆ, ಪಹಣಿ ಇನ್ನೂ ತೀರಿಹೋದ ಮಾವನ ಹೆಸರಲ್ಲೇ ಇದೆ. ಎಲೆಚುಕ್ಕಿ ರೋಗ ಬಂದ ಮೇಲೆ ಖರ್ಚು ಕಳೆದು ಉಳಿಯುವುದು 60 ಸಾವಿರ. ಯಜಮಾನರು ಮರ ಹತ್ತಿ ಅಡಿಕೆ ಗೊನೆ ಕೊಯ್ಲು, ಗಾರೆ ಕೆಲಸ ಮಾಡಿ ವರ್ಷಕ್ಕೆ 80 ಸಾವಿರ ತರುತ್ತಾರೆ, ಮಳೆಗಾಲದಲ್ಲಿ ಕೆಲಸ ಇರುವುದಿಲ್ಲ. ಗೃಹಲಕ್ಷ್ಮಿ ಹಣ 24 ಸಾವಿರ. ಮೂರು ವರ್ಷದ ಹಿಂದೆ ಅತ್ತೆಯ ಸೊಂಟದ ಆಪರೇಷನ್‌ಗೆ ಊರಿನವರೊಬ್ಬರಿಂದ 70 ಸಾವಿರ ಸಾಲ ಮಾಡಿದೆವು, ನೂರಕ್ಕೆ ಎರಡೂವರೆ ಬಡ್ಡಿ. ಎರಡು ತೊಲ ಬಂಗಾರ ಇದೆ, ಮುಟ್ಟಿಲ್ಲ. ತರಕಾರಿ ತರುವುದನ್ನು ಆದಷ್ಟು ಬಿಟ್ಟಿದ್ದೇನೆ, ಮಕ್ಕಳಿಗೆ ಹಾಲೂ ಕಡಿಮೆ ಮಾಡಿದ್ದೇನೆ. ಆದರೂ ವರ್ಷದ ಕೊನೆಗೆ ಕೈಸಾಲ ಆಗುತ್ತದೆ. ಇನ್ನೂ ಎಲ್ಲಿ ಹಿಡಿತ ಮಾಡಲಿ? ಖರ್ಚಿನ ಪಟ್ಟಿ ಬರೆದಿದ್ದೇನೆ. ಬಿಪಿಎಲ್ ಕಾರ್ಡ್ ಇದೆ.
ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಮೊದಲು ಮಕ್ಕಳ ಹಾಲು ಮೊದಲಿನಷ್ಟೇ ತರಿಸಿ. ನಿಮ್ಮ ದುಡ್ಡು ಸೋರುತ್ತಿರುವುದು ಅಡುಗೆಮನೆಯಲ್ಲಿ ಅಲ್ಲ.

ನಿಮ್ಮ ಪಟ್ಟಿಯನ್ನು ವರ್ಷದ ಲೆಕ್ಕಕ್ಕೆ ಹಾಕಿ ನೋಡಿದೆ. ದಿನಸಿ, ತರಕಾರಿ, ಹಾಲು 60 ಸಾವಿರ. ಮಗನ ಕಾನ್ವೆಂಟ್ ಫೀಸು ಮತ್ತು ವ್ಯಾನ್ 27 ಸಾವಿರ. ಬಡ್ಡಿ 21 ಸಾವಿರ. ಬಟ್ಟೆ, ಹಬ್ಬ, ಮುಯ್ಯಿ 18 ಸಾವಿರ. ಬೈಕಿನ ಪೆಟ್ರೋಲ್ 15 ಸಾವಿರ. ‘ಇತರೆ’ 14 ಸಾವಿರ. ಅತ್ತೆಯ ಬಿಪಿ, ಶುಗರ್ ಮಾತ್ರೆಗೆ 12 ಸಾವಿರ. ಎರಡು ಮೊಬೈಲ್ 7,800, ಗ್ಯಾಸ್ 5,500. ಒಟ್ಟು 1,80,300. ಬರುವುದು 1,64,000. ಅಂದರೆ ವರ್ಷಕ್ಕೆ 16,300 ರೂಪಾಯಿ ಕೊರತೆ. ನಿಮ್ಮ ಕೈಸಾಲ ಹುಟ್ಟುವುದು ಇಲ್ಲಿಂದ.

ಈಗ ಬಡ್ಡಿಯ ಸಾಲನ್ನು ಇನ್ನೊಮ್ಮೆ ಓದಿ. ನೂರಕ್ಕೆ ಎರಡೂವರೆ ಎಂದರೆ ತಿಂಗಳಿಗೆ 1,750 ರೂಪಾಯಿ. ತಿಂಗಳ ಲೆಕ್ಕದಲ್ಲಿ ಕೇಳಲು ಸಣ್ಣದು, ಅದಕ್ಕೇ ಸಾಲ ಕೊಡುವವರು ಯಾವತ್ತೂ ವರ್ಷದ ಲೆಕ್ಕ ಹೇಳುವುದಿಲ್ಲ. ವರ್ಷಕ್ಕೆ ಇದು ಶೇ 30. ಮೂರು ವರ್ಷದಲ್ಲಿ ನೀವು ಕಟ್ಟಿದ್ದು 63 ಸಾವಿರ, ಅಸಲು ಮಾತ್ರ ಅಲ್ಲಾಡದೆ ಕೂತಿದೆ. ಇತ್ತ ಮನೆಯಲ್ಲಿ ಎರಡು ತೊಲ ಬಂಗಾರವೂ ಸುಮ್ಮನೆ ಕೂತಿದೆ. ಅಡವಿಟ್ಟರೆ ಮರ್ಯಾದೆ ಹೋಗುತ್ತದೆ ಎಂಬ ಭಾವನೆ ನಮ್ಮ ಕಡೆ ಗಟ್ಟಿ. ಆದರೆ ರಾಷ್ಟ್ರೀಕೃತ ಬ್ಯಾಂಕಿನಲ್ಲೋ ನಿಮ್ಮೂರಿನ ಸೊಸೈಟಿಯಲ್ಲೋ ಚಿನ್ನದ ಸಾಲ ವರ್ಷಕ್ಕೆ ಶೇ 10ರ ಬಡ್ಡಿಗೆ ಸಿಕ್ಕಿತು ಎಂದಿಟ್ಟುಕೊಳ್ಳಿ, 70 ಸಾವಿರಕ್ಕೆ ಬಡ್ಡಿ 7 ಸಾವಿರ. ಇದೊಂದರಲ್ಲೇ ವರ್ಷಕ್ಕೆ 14 ಸಾವಿರ ಉಳಿಯಿತು. ಎರಡು ಮೂರು ಕಡೆ ದರ ಕೇಳಿಯೇ ಇಡಿ. ಪೇಟೆಯ ಖಾಸಗಿ ಫೈನಾನ್ಸ್‌ನವರು ಗ್ರಾಂಗೆ ಹೆಚ್ಚು ಕೊಡುತ್ತೇವೆ ಎಂದು ಕರೆಯುತ್ತಾರೆ. ನಿಮಗೆ ಬೇಕಾಗಿರುವುದು 70 ಸಾವಿರ ಮಾತ್ರ, ಒಂದು ರೂಪಾಯಿ ಹೆಚ್ಚು ತರಬೇಡಿ. ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಡ್ಡಿ ಕಟ್ಟಿ ನವೀಕರಿಸದೇ ಹೋದರೆ ಒಡವೆ ಹರಾಜಿಗೆ ಹೋಗುತ್ತದೆ. ಅಡಿಕೆ ಮಾರಿದ ತಿಂಗಳಿಗೆ ಅವಧಿ ಮುಗಿಯುವಂತೆ ಇಟ್ಟರೆ ಅನುಕೂಲ.

ಹಳೇ ಸಾಲ ತೀರಿಸುವಾಗ ಪ್ರೋನೋಟು, ಖಾಲಿ ಚೆಕ್ಕು ಏನು ಕೊಟ್ಟಿದ್ದೀರೋ ಅದನ್ನು ಕೈಗೆ ತೆಗೆದುಕೊಂಡೇ ದುಡ್ಡು ಎಣಿಸಿ. ‘ಆಮೇಲೆ ಹುಡುಕಿ ಕೊಡ್ತೀನಿ’ ಎಂದರೆ ನೀವೂ ಆಮೇಲೆ ಬನ್ನಿ.

ಎರಡನೆಯದು ಅತ್ತೆಯ ಮಾತ್ರೆ. ಬಿಪಿ ಮತ್ತು ಶುಗರ್ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಸ್ಟಾಕ್ ಇಲ್ಲದ ತಿಂಗಳು ಜನೌಷಧಿ ಕೇಂದ್ರವಿದೆ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಅದೇ ಔಷಧಿ, ಬೆಲೆ ಮಾತ್ರ ಬಹಳ ಕಡಿಮೆ. ಮಾತ್ರೆಯನ್ನಾಗಲಿ ಪ್ರಮಾಣವನ್ನಾಗಲಿ ನೀವೇ ಬದಲಾಯಿಸಬೇಡಿ. 12 ಸಾವಿರ ಇರುವುದು 3 ಸಾವಿರಕ್ಕೆ ಬಂದರೂ 9 ಸಾವಿರ ಉಳಿಯಿತು. 14 ಮತ್ತು 9 ಸೇರಿದರೆ 23 ಸಾವಿರ. ಕೊರತೆ ಮುಚ್ಚಿ ಇನ್ನೂ 6,700 ಮಿಕ್ಕಿತು. ಊಟದ ತಟ್ಟೆಗೆ, ಮಗನ ಶಾಲೆಗೆ ನಾವಿನ್ನೂ ಕೈ ಹಾಕಿಲ್ಲ ಎನ್ನುವುದನ್ನು ಗಮನಿಸಿ.

ಮುಂದೆ ಆಸ್ಪತ್ರೆ ಖರ್ಚು ಬಂದರೆ ಬಡ್ಡಿ ಸಾಲದವರ ಮನೆಗೆ ಹೋಗುವ ಮುಂಚೆ ಆಯುಷ್ಮಾನ್ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದೊಡ್ಡದಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಬೇರೆ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಕಾರ್ಡ್ ಈಗಲೇ ಮಾಡಿಸಿಡಿ, ಆಂಬುಲೆನ್ಸ್ ಬಂದ ಮೇಲೆ ಆಧಾರ್ ಹುಡುಕುವುದು ಬೇಡ. ಯಜಮಾನರು ಮರ ಹತ್ತುವವರು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ಬರುತ್ತದೆ. 436 ರೂಪಾಯಿಯ ಜೀವನ್ ಜ್ಯೋತಿ ಯಾವ ಕಾರಣದಿಂದ ಸಾವಾದರೂ 2 ಲಕ್ಷ ಕೊಡುತ್ತದೆ, ಆದರೆ ಸೇರುವಾಗ ವಯಸ್ಸು 50 ದಾಟಿರಬಾರದು. ಮೇ ಕೊನೆಯ ವಾರ ಖಾತೆಯಲ್ಲಿ ಇಷ್ಟು ಹಣ ಇರಬೇಕು, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಮರದಿಂದ ಬಿದ್ದು, ಶಾಶ್ವತ ಅಂಗವೈಕಲ್ಯ ಆಗದೆ ಬರೀ ಕಾಲು ಮುರಿದರೆ ಇವೆರಡರಲ್ಲೂ ಹಣ ಬಾರದು, ಆಗ ಆಯುಷ್ಮಾನೇ ಗತಿ.

ಪಹಣಿ ವಿಷಯ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸದೇ ಇರುವುದರಿಂದ ನಿಮಗೆ ಸಾಲುಸಾಲಾಗಿ ನಷ್ಟ ಆಗುತ್ತಿದೆ. ಪಿಎಂ ಕಿಸಾನ್‌ನ ವರ್ಷದ 6 ಸಾವಿರ ಬರುತ್ತಿಲ್ಲ. ಸೊಸೈಟಿಯ ಬೆಳೆಸಾಲ ಸಿಗುತ್ತಿಲ್ಲ. ರಾಜ್ಯದಲ್ಲಿ ಸಹಕಾರ ಸಂಘಗಳು 5 ಲಕ್ಷದವರೆಗೆ ಶೂನ್ಯ ಬಡ್ಡಿಯಲ್ಲಿ ಬೆಳೆಸಾಲ ಕೊಡುತ್ತವೆ. ನಿಮ್ಮ 12 ಗುಂಟೆಗೆ ಸಿಗುವುದು ಸಣ್ಣ ಮೊತ್ತವೇ ಇರಬಹುದು, ಆದರೂ ಬಡ್ಡಿಯಿಲ್ಲದ ದುಡ್ಡು. ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ, ಒಂದು ದಿನ ದಾಟಿದರೂ ಬಡ್ಡಿ ಬೀಳುತ್ತದೆ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆಯೂ ಇದೆ, ರೈತ ಕಟ್ಟಬೇಕಾದ್ದು ವಿಮೆ ಮೊತ್ತದ ಶೇ 5 ಅಷ್ಟೇ. ಅತಿಮಳೆಯ ವರ್ಷಗಳಲ್ಲಿ ಇದು ಕೈ ಹಿಡಿಯುತ್ತದೆ. ಮಾವನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ನಾದಿನಿಯರ ಹೆಸರೂ ಪಹಣಿಗೆ ಬರುತ್ತದೆ ಎಂದು ಹೆದರಿ ಎಷ್ಟೋ ಮನೆಯವರು ಈ ಕೆಲಸ ಮುಂದೂಡುತ್ತಾರೆ. ಹೆಸರು ಬಂದೇ ಬರುತ್ತದೆ, ಅದು ಅವರ ಹಕ್ಕು. ಕೂತು ಮಾತಾಡಿ. ಈ ಯಾವ ಹಣವನ್ನೂ ನಾನು ಮೇಲಿನ ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಅಡುಗೆಮನೆ. ಪಡಿತರ ಅಕ್ಕಿ ಊಟಕ್ಕೆ ಹಿಡಿಸುವುದಿಲ್ಲ ಎಂದು ಅಗ್ಗಕ್ಕೆ ಮಾರಿ ಅಂಗಡಿಯಿಂದ ಸೋನಾ ಮಸೂರಿ ತರುವ ಅಭ್ಯಾಸ ನಮ್ಮಲ್ಲಿ ವಿಪರೀತ. ಹಾಗೆ ಮಾರುವುದು ಅಪರಾಧ, ಮೇಲಾಗಿ ನಷ್ಟ. ಬೆಳಗ್ಗೆಯ ರೊಟ್ಟಿ, ಕಡುಬು, ದೋಸೆ ಎಲ್ಲಕ್ಕೂ ಪಡಿತರದ ಅಕ್ಕಿಯನ್ನೇ ಹಾಕಿ, ಅನ್ನಕ್ಕೆ ಬೇಕಾದರೆ ಅರ್ಧ ಅರ್ಧ ಬೆರೆಸಿ. ತೊಳೆಯುವಾಗ ಕೆಲವು ಕಾಳು ಬೆಳ್ಳಗೆ ತೇಲುತ್ತವಲ್ಲ, ಅದನ್ನು ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುವವರಿದ್ದಾರೆ. ಅದು ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳು. ಬೆಳೆಯುವ ಮಗಳಿರುವ ಮನೆಯಲ್ಲಿ ಅದನ್ನು ಎಸೆಯಲೇಬಾರದು.

ದಿನಸಿಯಲ್ಲಿ ಭಾರ ಬೀಳುವುದು ತೊಗರಿಬೇಳೆ ಮತ್ತು ಎಣ್ಣೆಯಿಂದ. ವಾರಕ್ಕೆ ಎರಡು ದಿನ ಹುರುಳಿ ಕಟ್ಟಿನ ಸಾರು ಮಾಡಿ, ಬೆಂದ ಕಾಳನ್ನು ಪಲ್ಯ ಮಾಡಿ. ಹಲಸಿನ ಬೀಜವನ್ನು ಕೆಮ್ಮಣ್ಣು ಸವರಿ ಒಣಗಿಸಿಟ್ಟರೆ ಮಳೆಗಾಲದ ಸಾಂಬಾರಿಗೆ ಬರುತ್ತದೆ, ಇದು ನಿಮ್ಮ ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಬಾಳೆದಿಂಡು, ಮಾಡಿಗೆ ಕಟ್ಟಿಟ್ಟ ಸೌತೆಕಾಯಿ ಇವೆಲ್ಲ ಇದ್ದೂ ಜುಲೈ ತಿಂಗಳಲ್ಲಿ ದೂರದಿಂದ ಬಂದ ಬಾಡಿದ ಬೀನ್ಸಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಸೊಪ್ಪು ತಂಬುಳಿಯಲ್ಲೇ ಮಕ್ಕಳ ಮೈ ತುಂಬುವುದಿಲ್ಲ. ಹಾಲು, ಕಾಳು, ನಿಮ್ಮ ಮನೆಯಲ್ಲಿ ತಿನ್ನುವುದಾದರೆ ಮೊಟ್ಟೆ, ಇದಕ್ಕೆ ಹಿಡಿತ ಬೇಡ. ಮಗಳು ಸರ್ಕಾರಿ ಶಾಲೆಯಲ್ಲಿದ್ದರೆ ಅಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ, ನಾಚಿಕೊಂಡು ಬಿಡದಿರಲಿ.

ಮಗನ ಕಾನ್ವೆಂಟ್ ಬಿಡಿಸಿ ಎಂದು ಈಗಲೇ ಹೇಳುವುದಿಲ್ಲ. ಮುಂದಿನ ವರ್ಷ ಅವನು ಐದನೇ ಕ್ಲಾಸು. ಆಗ ಗಾಜನೂರಿನ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆ ಎರಡಕ್ಕೂ ಪ್ರವೇಶ ಪರೀಕ್ಷೆ ಬರೆಸಿ. ಸಿಕ್ಕಿದರೆ ಆರನೇ ಕ್ಲಾಸಿನಿಂದ ಊಟ, ವಸತಿ, ಪುಸ್ತಕ ಎಲ್ಲ ಉಚಿತ, ಆ 27 ಸಾವಿರ ನೇರ ಸಾಲದ ಅಸಲಿಗೆ. ಸಿಗದಿದ್ದರೆ ಹತ್ತಿರದ ಸರ್ಕಾರಿ ಶಾಲೆಯನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ಪೆಟ್ರೋಲಿನ ಬಗ್ಗೆ ನನ್ನ ತಕರಾರಿಲ್ಲ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ, ನಿಮ್ಮ ಕಡೆ ಓಡುವುದೆಲ್ಲ ಹೆಚ್ಚಾಗಿ ಖಾಸಗಿ ಬಸ್ಸು. ಮೊಬೈಲ್‌ನಲ್ಲಿ ಒಂದು ಸಣ್ಣ ಮೋಸ ನೋಡಿ: 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ 13 ಸಲ ರೀಚಾರ್ಜ್ ಆಗುತ್ತದೆ. ಅತ್ತೆಯ ಹತ್ತಿರ ಇರುವ ಫೋನಿಗೆ ಕರೆ ಮಾತ್ರ ಸಾಕಾದರೆ ಡೇಟಾ ಇಲ್ಲದ ದೀರ್ಘಾವಧಿ ಪ್ಯಾಕ್ ಕೇಳಿ ಹಾಕಿಸಿ. ‘ಇತರೆ’ 14 ಸಾವಿರ ಏನೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಯಜಮಾನರು ಈ ಪುಟ ಓದಿದರೆ ಸಾಕು.

ಕೊನೆಯದಾಗಿ ಒಂದು ಪದ್ಧತಿ. ತಿಂಗಳ ಬಜೆಟ್ ಸಂಬಳದವರಿಗೆ. ನಿಮಗೆ ದುಡ್ಡು ಬರುವುದು ಅಡಿಕೆ ಮಾರಿದಾಗ, ಸುಗ್ಗಿಯ ಕೂಲಿಯಲ್ಲಿ. ಖರ್ಚು ಮುತ್ತಿಕೊಳ್ಳುವುದು ಜೂನ್‌ನಲ್ಲಿ: ಶಾಲೆ, ಕೊಡೆ, ತೋಟಕ್ಕೆ ಬೋರ್ಡೋ ಔಷಧಿ ಸಿಂಪಡಣೆ ಎಲ್ಲ ಒಟ್ಟಿಗೆ. ಅಡಿಕೆ ದುಡ್ಡು ಕೈಗೆ ಬಂದ ವಾರವೇ ಮೂರು ಪಾಲು ಮಾಡಿ. ಒಂದು ಪಾಲು ಬ್ಯಾಂಕಿನ ಸಾಲಕ್ಕೆ. ಒಂದು ಪಾಲು ಜೂನ್ ಖರ್ಚಿಗೆ, ಅದು ಖಾತೆಯಲ್ಲೇ ಇರಲಿ. ಇನ್ನೊಂದರಲ್ಲಿ ಏಪ್ರಿಲ್, ಮೇ ಹೊತ್ತಿಗೆ ಮಳೆಗಾಲದ ಬೇಳೆ, ಎಣ್ಣೆ, ಬೆಲ್ಲ, ಮೆಣಸಿನಕಾಯಿ ತಂದು ಹಾಕಿ. ಆಗಸ್ಟಿನಲ್ಲಿ ಅಡಿಕೆ ಮಂಡಿಯ ವ್ಯಾಪಾರಿಗಳಿಂದ ಮುಂಗಡ ತಂದರೆ ಮುಂದೆ ಅಡಿಕೆಯನ್ನು ಅವರು ಹೇಳಿದ ದಿನ, ಹೇಳಿದ ದರಕ್ಕೆ ಕೊಡಬೇಕಾಗುತ್ತದೆ. ಅದನ್ನು ತಪ್ಪಿಸಲಿಕ್ಕೇ ಇಷ್ಟೆಲ್ಲ.

ಪ್ರಶ್ನೆ: ಗೃಹಲಕ್ಷ್ಮಿ ಹಣವನ್ನು ಪಕ್ಕದ ಬೀದಿಯವರು ನಡೆಸುವ ಚೀಟಿಗೆ ಹಾಕೋಣ ಎಂದಿದ್ದೇನೆ. ಸರಿಯೇ?
ಗೃಹಿಣಿ, ಭದ್ರಾವತಿ

ಉತ್ತರ: ಬೇಡ. ನೋಂದಣಿಯಾಗದ ಚೀಟಿ ಮುಳುಗಿದರೆ ನಿಮ್ಮ ಕೈಯಲ್ಲಿ ಕಾಗದವೂ ಇರುವುದಿಲ್ಲ. ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, 100 ರೂಪಾಯಿಯಿಂದ ಶುರುವಾಗುತ್ತದೆ. ಶೇ 6.7ರ ದರದಲ್ಲಿ ತಿಂಗಳಿಗೆ 2,000ದಂತೆ ಐದು ವರ್ಷ ಕಟ್ಟಿದರೆ ಸುಮಾರು 1,42,700 ಬರುತ್ತದೆ. ಆದರೆ ಗೃಹಲಕ್ಷ್ಮಿ ಕಂತು ಹೇಳಿದ ತಿಂಗಳಿಗೇ ಬರುತ್ತದೆಂಬ ನಂಬಿಕೆ ಇಲ್ಲ, ಆರ್‌ಡಿ ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಆದ್ದರಿಂದ 1,000ಕ್ಕೆ ಮಾಡಿಸಿ, ಉಳಿದದ್ದು ಉಳಿತಾಯ ಖಾತೆಯಲ್ಲಿರಲಿ.

ಪ್ರಶ್ನೆ: ಗ್ಯಾಸ್ ಬಿಟ್ಟು ಪೂರ್ತಿ ಸೌದೆ ಒಲೆಗೆ ಹೋದರೆ ಎಷ್ಟು ಉಳಿಯುತ್ತದೆ?
ಓದುಗರು, ಸಾಗರ ತಾಲ್ಲೂಕು

ಉತ್ತರ: ಅಡುಗೆಗೆ ಬೇಡ. ವರ್ಷಕ್ಕೆ ಐದಾರು ಸಾವಿರ ಉಳಿಸಲು ಹೋಗಿ ಹೊಗೆ ಕುಡಿಯುವುದು ಮನೆಯ ಹೆಂಗಸರು. ಬಚ್ಚಲ ಹಂಡೆಗೆ ಮಾತ್ರ ಸೌದೆ, ಅಡಿಕೆ ಸಿಪ್ಪೆ, ಒಣ ಸೋಗೆ ಧಾರಾಳವಾಗಿ ಹಾಕಿ. ಮಲೆನಾಡಿನಲ್ಲಿ ಹೆಚ್ಚು ಉರುವಲು ತಿನ್ನುವುದೇ ಬಿಸಿನೀರು, ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ, ಕರೆಂಟಿನ ಹೀಟರ್ ಗೃಹಜ್ಯೋತಿಯ ಉಚಿತ ಯೂನಿಟ್ಟನ್ನು ಬೇಗನೆ ಮುಗಿಸುತ್ತದೆ. ಒಲೆ ಹೊಸದಾಗಿ ಹಾಕಿಸುವುದಾದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯ ಹಾಗೆ ಹೊಗೆಕೊಳವೆ ಇರುವುದನ್ನು ಹಾಕಿಸಿ. ಹಸಿ ಸೌದೆಯ ಕಾವೆಲ್ಲ ಅದರ ನೀರು ಆರಿಸುವುದಕ್ಕೇ ಹೋಗುತ್ತದೆ, ಮೇ ಮುಗಿಯುವುದರೊಳಗೆ ಒಣಗಿಸಿ ಕೊಟ್ಟಿಗೆಗೆ ಹಾಕಿ.