ಸಹಿ ಹಾಕಿದವರು ನಿಜಕ್ಕೂ ಸಿಎ ಹೌದೇ?

ಪೀಣ್ಯದಲ್ಲಿ ನನ್ನದೊಂದು ಫ್ಯಾಬ್ರಿಕೇಷನ್ ಘಟಕವಿದೆ. ವರ್ಷದ ವಹಿವಾಟು 3.5 ಕೋಟಿ ರೂಪಾಯಿ. ಇಷ್ಟು ವರ್ಷ ಲೆಕ್ಕಪತ್ರವೆಲ್ಲ ಪರಿಚಯದ ಆಡಿಟರ್ ಒಬ್ಬರ ಕೈಯಲ್ಲಿತ್ತು. ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಲಿಮಿಟ್ ಹೆಚ್ಚಿಸಲು ಹೋದಾಗ ಬ್ಯಾಂಕಿನವರು ಅವರ ಸಹಿ ನಡೆಯುವುದಿಲ್ಲ, ಸಿಎ ಸಹಿ ಬೇಕು ಎಂದರು. ಅಸಲಿ ಸಿಎಯನ್ನು ಹುಡುಕುವುದು ಹೇಗೆ? ನನಗೆ ಆಡಿಟ್ ಕಡ್ಡಾಯವೇ?
– ಓದುಗರೊಬ್ಬರು, ಪೀಣ್ಯ

ಬೆಂಗಳೂರಿನಲ್ಲಿ ತೆರಿಗೆ ಕಾಗದ ನೋಡುವವರೆಲ್ಲ ಜನರ ಬಾಯಲ್ಲಿ ಆಡಿಟರೇ. ತೆರಿಗೆ ಸಲಹೆಗಾರರು, ಜಿಎಸ್‌ಟಿ ಪ್ರಾಕ್ಟಿಷನರ್‌ಗಳು ರಿಟರ್ನ್ ಸಲ್ಲಿಸಿದರೆ ತಪ್ಪೇನಿಲ್ಲ. ಆದರೆ ಆದಾಯ ತೆರಿಗೆಯ ಆಡಿಟ್ ವರದಿಗೆ ಸಹಿ ಹಾಕಬೇಕಾದವರು ಚಾರ್ಟರ್ಡ್ ಅಕೌಂಟೆಂಟ್‌ಗಳ (ಸಿಎ) ರಾಷ್ಟ್ರೀಯ ಸಂಸ್ಥೆಯಾದ ಐಸಿಎಐನ ಸದಸ್ಯರಾಗಿದ್ದು, ಪ್ರಾಕ್ಟೀಸ್ ಸರ್ಟಿಫಿಕೇಟನ್ನೂ ಹೊಂದಿರಬೇಕು. ಕಂಪನಿಯಲ್ಲಿ ಪೂರ್ಣಾವಧಿ ಕೆಲಸದಲ್ಲಿರುವ ಸಿಎ ನಿಮ್ಮ ಭಾವಮೈದುನನೇ ಆದರೂ ಅವರ ಸಹಿ ಇಲ್ಲಿ ಉಪಯೋಗಕ್ಕೆ ಬಾರದು.

ಮೊದಲ ಭೇಟಿಯಲ್ಲೇ ಎರಡು ಸಂಖ್ಯೆ ಕೇಳಿ: ಆರು ಅಂಕಿಯ ಸದಸ್ಯತ್ವ ಸಂಖ್ಯೆ ಮತ್ತು ಅವರ ಸಂಸ್ಥೆಯ (ಫರ್ಮ್) ನೋಂದಣಿ ಸಂಖ್ಯೆ. ದಕ್ಷಿಣ ವಲಯದ ಸಂಸ್ಥೆಯಾದರೆ ಎರಡನೆಯದರ ಕೊನೆಗೆ ‘ಎಸ್’ ಅಕ್ಷರ ಇರುತ್ತದೆ. ಐಸಿಎಐ ಜಾಲತಾಣದಲ್ಲಿ ಇವನ್ನು ಹಾಕಿ ನೋಡಬಹುದು. ಸಂಕೋಚ ಬೇಡ, ನಿಜವಾದ ಸಿಎ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನು ಕೈಗೆ ಬಂದ ಸರ್ಟಿಫಿಕೇಟಿನ ಮಾತು. ಸೀಲನ್ನು ಯಾರು ಬೇಕಾದರೂ ಮಾಡಿಸಬಹುದು, ಹಾಗಾಗಿ ಸೀಲು ನೋಡಿ ನಂಬಬೇಡಿ. ಸಹಿಯ ಕೆಳಗೆ 18 ಅಕ್ಷರ–ಅಂಕಿಗಳ ಯುಡಿಐಎನ್ (ಪ್ರತಿ ದಾಖಲೆಗೂ ಪ್ರತ್ಯೇಕವಾಗಿ ಸಿಗುವ ಗುರುತು ಸಂಖ್ಯೆ) ಇದೆಯೇ ನೋಡಿ. ಮೊದಲ ಎರಡು ಅಂಕಿ ವರ್ಷದ್ದು, ಮುಂದಿನ ಆರು ಆ ಸಿಎಯ ಸದಸ್ಯತ್ವ ಸಂಖ್ಯೆ. ಈ ಆರು ಅಂಕಿ ಸೀಲಿನ ಮೇಲಿನ ಸಂಖ್ಯೆಗೆ ತಾಳೆಯಾಗದಿದ್ದರೆ ಅಲ್ಲಿಗೆ ಮುಗಿಯಿತು. ತಾಳೆಯಾದರೂ ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಒಮ್ಮೆ ಪರಿಶೀಲಿಸಿ. ಬ್ಯಾಂಕಿನವರು ಮಾಡುವುದೂ ಇದನ್ನೇ.

ಆಡಿಟ್ ವಿಷಯಕ್ಕೆ ಬಂದರೆ, ವಹಿವಾಟು 1 ಕೋಟಿ ದಾಟಿದರೆ ಆಡಿಟ್ ಎನ್ನುವುದು ಮೂಲ ನಿಯಮ. ನಗದು ಜಮೆ ಒಟ್ಟು ಜಮೆಯ ಶೇ 5ರೊಳಗೆ, ನಗದು ಪಾವತಿಯೂ ಒಟ್ಟು ಪಾವತಿಯ ಶೇ 5ರೊಳಗೆ ಇದ್ದರೆ ಮಾತ್ರ ಆ ಮಿತಿ 10 ಕೋಟಿಗೆ ಏರುತ್ತದೆ. ನಿಮ್ಮಂಥ ಘಟಕಗಳು ಎಡವುವುದು ಕೂಲಿಯಲ್ಲಿ. ವರ್ಷದ ಒಟ್ಟು ಪಾವತಿ 3.2 ಕೋಟಿ ಎಂದುಕೊಂಡರೆ ಶೇ 5 ಅಂದರೆ 16 ಲಕ್ಷ. ಶನಿವಾರದ ಬಟವಾಡೆಗೆ ವಾರಕ್ಕೆ 35,000 ನಗದು ಕೊಟ್ಟರೂ ವರ್ಷಕ್ಕೆ 18.2 ಲಕ್ಷವಾಯಿತು, ಆಡಿಟ್ ಕಡ್ಡಾಯವಾಯಿತು. ಬೇರರ್ ಚೆಕ್ ಕೂಡ ಇಲ್ಲಿ ನಗದೇ. ಕೂಲಿಯನ್ನು ಖಾತೆಗೆ ಹಾಕಲು ಶುರುಮಾಡಿದರೆ ಮುಂದಿನ ವರ್ಷದ ಲೆಕ್ಕವೇ ಬೇರೆ.

ಯಾರನ್ನು ಆರಿಸುವುದು? ಪೀಣ್ಯ ಕೈಗಾರಿಕಾ ಸಂಘದಲ್ಲೋ ವಿಜಯನಗರದಲ್ಲಿರುವ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದಲ್ಲೋ ನಿಮ್ಮದೇ ಕಸುಬಿನವರನ್ನು ವಿಚಾರಿಸಿ. ಇಬ್ಬರು ಮೂವರು ಸಿಎಗಳನ್ನು ಭೇಟಿಯಾಗಿ ಒಂದೇ ಪ್ರಶ್ನೆ ಕೇಳಿ: ಜಾಬ್‌ವರ್ಕಿಗೆ (ಬೇರೆಯವರಿಂದ ಕೆಲಸ ಮಾಡಿಸಲು) ಕಳಿಸಿದ ಕಚ್ಚಾಮಾಲು ವರ್ಷದೊಳಗೆ ವಾಪಸು ಬಾರದಿದ್ದರೆ ಏನಾಗುತ್ತದೆ? ‘ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ತೆರಿಗೆ ಬಡ್ಡಿ ಸಮೇತ ಬೀಳುತ್ತದೆ’ ಎಂದು ಥಟ್ಟನೆ ಹೇಳಿದವರಿಗೆ ಕಾರ್ಖಾನೆ ಲೆಕ್ಕ ಗೊತ್ತು. ಫೀಸಿಗೆ ಇಷ್ಟೇ ಎಂಬ ಕಡ್ಡಾಯ ದರವಿಲ್ಲ. ತಿಂಗಳ 11ರ ಜಿಎಸ್‌ಟಿಆರ್–1 (ಮಾರಾಟದ ವಿವರ), 20ರ 3ಬಿ (ತೆರಿಗೆ ಕಟ್ಟುವ ರಿಟರ್ನ್), ಟಿಡಿಎಸ್, ಆಡಿಟ್ ಇವುಗಳಲ್ಲಿ ಯಾವುದು ಆ ಫೀಸಿನಲ್ಲಿ ಸೇರಿದೆ, ಟ್ಯಾಲಿ ಎಂಟ್ರಿ ಯಾರದು, ನೋಟಿಸ್ ಬಂದರೆ ಉತ್ತರಕ್ಕೆ ಬೇರೆ ದುಡ್ಡೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಸೆಪ್ಟೆಂಬರ್‌ವರೆಗೆ ಕಾಯಬೇಡಿ. ಒಬ್ಬ ಸಿಎ ವರ್ಷಕ್ಕೆ 60ಕ್ಕಿಂತ ಹೆಚ್ಚು ತೆರಿಗೆ ಆಡಿಟ್ ಮಾಡುವಂತಿಲ್ಲ, ಒಳ್ಳೆಯವರ ಪಟ್ಟಿ ಬೇಗ ತುಂಬುತ್ತದೆ.

ರಾಜಾಜಿನಗರದಲ್ಲಿ ನಮ್ಮದು ಬೇಕರಿ. ಜಿಎಸ್‌ಟಿ ಪಾಸ್‌ವರ್ಡ್ ಸಲಹೆಗಾರರ ಬಳಿಯೇ ಇದೆ, ಒಟಿಪಿಯೂ ಅವರ ಮೊಬೈಲಿಗೇ ಹೋಗುತ್ತದೆ. ಈಗ ಫೋನ್ ಎತ್ತುತ್ತಿಲ್ಲ. ನೋಟಿಸ್ ಬಂದಿದೆಯೋ ಇಲ್ಲವೋ ಅದೂ ತಿಳಿಯದು.
– ಓದುಗರೊಬ್ಬರು, ರಾಜಾಜಿನಗರ

ಅವರ ಹಿಂದೆ ಅಲೆಯುವುದನ್ನು ಬಿಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ತೆರಿಗೆದಾರರ ಹುಡುಕಾಟಕ್ಕೆ ಹೋಗಿ, 29ರಿಂದ ಶುರುವಾಗುವ ನಿಮ್ಮ ಸಂಖ್ಯೆ ಹಾಕಿದರೆ ನೀವು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತೀರಿ ಎಂದು ಕಾಣುತ್ತದೆ. ಪ್ಯಾನ್, ಆಧಾರ್, ಅಂಗಡಿಯ ದಾಖಲೆ ಹಿಡಿದು ಅಲ್ಲಿಗೆ ಹೋಗಿ ಮೊಬೈಲ್, ಇಮೇಲ್ ಬದಲಿಸಲು ಅರ್ಜಿ ಕೊಡಿ. ಅಧಿಕಾರಿ ಬದಲಿಸಿದ ಮೇಲೆ ತಾತ್ಕಾಲಿಕ ಪಾಸ್‌ವರ್ಡ್ ನಿಮ್ಮ ಹೊಸ ಇಮೇಲಿಗೇ ಬರುತ್ತದೆ.

ಒಳಹೊಕ್ಕ ಕೂಡಲೇ ನೋಟಿಸುಗಳ ಪುಟವನ್ನಷ್ಟೇ ನೋಡಿ ನಿಟ್ಟುಸಿರು ಬಿಡಬೇಡಿ. ‘ಹೆಚ್ಚುವರಿ ನೋಟಿಸ್ ಮತ್ತು ಆದೇಶ’ಗಳಿಗೆ ಬೇರೆಯೇ ಪುಟವಿದೆ, ಎಷ್ಟೋ ಶೋಕಾಸ್ ನೋಟಿಸುಗಳು ಕಣ್ತಪ್ಪುವುದು ಅಲ್ಲೇ. ಆದೇಶವೇ ಆಗಿಹೋಗಿದ್ದರೆ ಮೇಲ್ಮನವಿಗೆ 3 ತಿಂಗಳು, ಸೂಕ್ತ ಕಾರಣವಿದ್ದರೆ ಇನ್ನೊಂದು ತಿಂಗಳು. ವಿವಾದದಲ್ಲಿರುವ ತೆರಿಗೆಯ ಶೇ 10ನ್ನು ಮೊದಲೇ ಕಟ್ಟಬೇಕು. ಈ ಹಂತದಲ್ಲಿ ಸಿಎ ಅಥವಾ ತೆರಿಗೆ ವಕೀಲರಿಲ್ಲದೆ ಮುಂದುವರಿಯಬೇಡಿ. ಮುಂದೆ ಯಾರನ್ನೇ ನೇಮಿಸಿಕೊಂಡರೂ ಮೊಬೈಲ್, ಇಮೇಲ್ ನಿಮ್ಮದೇ ಇರಲಿ. ಡಿಜಿಟಲ್ ಸಹಿಯ ಪೆನ್‌ಡ್ರೈವ್ ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಇರಲಿ.

ಐಟಿ ಕಂಪನಿಯಲ್ಲಿ ಕೆಲಸ. ಸಹೋದ್ಯೋಗಿಗಳೆಲ್ಲ ಒಬ್ಬರಿಂದ ರಿಟರ್ನ್ ಹಾಕಿಸುತ್ತಾರೆ. ರಿಫಂಡ್ ತರಿಸಿಕೊಟ್ಟರೆ ಅದರ ಶೇ 10 ಅವರ ಫೀಸು. ಇದು ಸರಿಯೇ?
– ಓದುಗರೊಬ್ಬರು, ಮಾರತ್ತಹಳ್ಳಿ

ರಿಫಂಡಿನಲ್ಲಿ ಪಾಲು ಕೇಳುವವರು ಸಿಎ ಆಗಿರುವ ಸಂಭವ ಕಡಿಮೆ. ಫಲಿತಾಂಶದ ಮೇಲೆ ಶೇಕಡಾವಾರು ಫೀಸು ಪಡೆಯುವುದು ಸಿಎಗಳ ವೃತ್ತಿ ನಿಯಮಕ್ಕೇ ವಿರುದ್ಧ. ಇಂಥವರು ಕೊಡದ ಬಾಡಿಗೆ, ಕೊಡದ ದೇಣಿಗೆ ತೋರಿಸಿ ರಿಫಂಡ್ ಎಬ್ಬಿಸುತ್ತಾರೆ. ಸಿಕ್ಕಿಬಿದ್ದರೆ ದಂಡ ಆ ತೆರಿಗೆಯ ಶೇ 200ರಷ್ಟು, ಕಟ್ಟಬೇಕಾದವರು ನೀವೇ. ಈಗಾಗಲೇ ಹಾಕಿಸಿದ್ದರೆ ನೋಟಿಸ್ ಬರುವ ಮೊದಲೇ ತಪ್ಪು ತಿದ್ದಿದ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಿ. ತಡವಾದಷ್ಟೂ ಹೆಚ್ಚುವರಿ ತೆರಿಗೆ ಶೇ 25ರಿಂದ 70ರವರೆಗೆ ಏರುತ್ತದೆ.

ಬರೀ ಸಂಬಳವಾದರೆ ಕಂಪನಿ ಕೊಡುವ ಫಾರಂ 16 ಮತ್ತು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿ (ಎಐಎಸ್) ಎದುರಿಗಿಟ್ಟುಕೊಂಡು ನೀವೇ ರಿಟರ್ನ್ ತುಂಬಬಹುದು. ಅಮೆರಿಕದ ಮಾತೃಸಂಸ್ಥೆಯ ಷೇರು ಕೈಯಲ್ಲಿದ್ದರೆ ಮಾತ್ರ ಸಿಎ ಬಳಿ ಹೋಗಿ. ವಿದೇಶಿ ಆಸ್ತಿಯ ಪಟ್ಟಿಯನ್ನು ಏಪ್ರಿಲ್–ಮಾರ್ಚ್ ಲೆಕ್ಕದಲ್ಲಲ್ಲ, ಜನವರಿ–ಡಿಸೆಂಬರ್ ಲೆಕ್ಕದಲ್ಲಿ ತುಂಬಬೇಕು. ಸ್ವತಃ ತುಂಬಿದವರು ತಪ್ಪುವುದು ಹೆಚ್ಚಾಗಿ ಇಲ್ಲೇ.