ಉಗಾಂಡಕ್ಕೆ ಬರುವ ಮುಂಚೆ ನಡೆದು ರೂಢಿ ಮಾಡಿಕೊಳ್ಳಿ

ಉಗಾಂಡದ ಜಿಂಜಾ ಪಟ್ಟಣದ ಹತ್ತಿರದ ಹಳ್ಳಿ ಶಾಲೆಯಲ್ಲಿ ಆರು ತಿಂಗಳು ಸ್ವಯಂಸೇವಕರಾಗಿ ಗಣಿತ ಹೇಳಿಕೊಡಲು ಬರುತ್ತೀರಿ, ಅದಕ್ಕಾಗಿ ಜಿಮ್ ಸೇರಿದ್ದೀರಿ, ಇಷ್ಟು ಸಾಕಾ ಅಂತ ಕೇಳಿದ್ದೀರಿ. ನಾನು ಜಿಂಜಾದಲ್ಲೇ ಸಂಸಾರ ಹೂಡಿ ಬಹಳ ವರ್ಷ ಆಯಿತು. ನಿಮ್ಮ ಹಾಗೆ ಬಂದವರನ್ನು ನೋಡುತ್ತಲೇ ಇದ್ದೇನೆ. ತೋಳು ಬೆಳೆಸಿಕೊಂಡು ಬಂದವರು ಮೊದಲ ವಾರವೇ ಸುಸ್ತಾಗುತ್ತಾರೆ. ದಿನಾ ನಡೆದು ರೂಢಿ ಇರುವವರು ಹೇಗೋ ನಿಭಾಯಿಸುತ್ತಾರೆ.

ಸೆಕೆಗೆ ಹೆದರಬೇಡಿ. ಜಿಂಜಾ 1,100 ಮೀಟರ್‌ಗೂ ಎತ್ತರದಲ್ಲಿದೆ, ಹವೆ ಹೆಚ್ಚುಕಮ್ಮಿ ಬೆಂಗಳೂರಿನದೇ. ಕಷ್ಟ ಇರುವುದು ದಾರಿ ಮತ್ತು ನೀರಿನದು. ಟಾರ್ ರಸ್ತೆ ಬಿಟ್ಟರೆ ಕೆಂಪು ಗರಸಿನ ದಾರಿ. ಮಾರ್ಚ್‌ನಿಂದ ಮೇ, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್ ಮಳೆ. ಆಗ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೆ. ಕೈಪಂಪಿನ ಹತ್ತಿರ ಹಳದಿ ಜೆರಿಕ್ಯಾನ್‌ಗಳ ಸಾಲು ನಿಮಗೆ ಮೊದಲ ದಿನವೇ ಕಾಣುತ್ತೆ. ಅಡುಗೆ ಎಣ್ಣೆ ತುಂಬಿ ಬರುವ 20 ಲೀಟರ್ ಕ್ಯಾನ್ ಅದು. ತುಂಬಿದರೆ ಇಪ್ಪತ್ತು ಕಿಲೋ, ಹಿಡಿಕೆ ಸಪೂರ, ಬೆರಳಿಗೆ ಕೊರೆಯುತ್ತೆ. ನೀವು ಮೂರು ಕಡೆ ಇಳಿಸಿ ಕೈ ಉಜ್ಜಿಕೊಳ್ಳುವಾಗ ಸ್ಕೂಲ್ ಹುಡುಗಿ ಸಣ್ಣ ಕ್ಯಾನ್ ತಲೆ ಮೇಲಿಟ್ಟುಕೊಂಡು ಹರಟುತ್ತಾ ನಿಮ್ಮನ್ನು ದಾಟಿ ಹೋಗಿರುತ್ತಾಳೆ. ಸ್ನಾನದ ನೀರನ್ನು ಬೇರೆಯವರ ಕೈಲಿ ಹೊರಿಸಬಾರದು ಅಲ್ವಾ? ಹಾಗಾಗಿ ಡಂಬೆಲ್ ಬಿಡಿ. ನೀರು ತುಂಬಿದ ಎರಡು ಕೊಡ ಹಿಡಿದು ಮಹಡಿ ಹತ್ತಿ ಇಳಿಯಿರಿ. ಇಲ್ಲಿಗೆ ಹಾಕಿಕೊಂಡು ಬರುವ ಶೂನಲ್ಲೇ ದಿನಾ ಐದಾರು ಕಿಲೋಮೀಟರ್ ನಡೆಯಿರಿ. ಹೊಸ ಶೂ ತಂದು ಕಾಲು ಬೊಬ್ಬೆ ಮಾಡಿಕೊಂಡು ಕೂತವರು ಬೇಕಾದಷ್ಟು ಜನ.

ಲಸಿಕೆ ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹಳದಿ ಜ್ವರದ ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತೆ, ಹಾಕಿಸಿದ್ದಕ್ಕೆ ಕೊಡುವ ಕಾರ್ಡ್ 10 ದಿನದ ಮೇಲೆ ಊರ್ಜಿತ. 2016ರಿಂದ ಅದು ಜೀವನಪೂರ್ತಿ ನಡೆಯುತ್ತೆ. ಕಾರ್ಡ್ ಇಲ್ಲದಿದ್ದರೆ ಇಲ್ಲಿ ಒಳಗೆ ಬಿಡುವುದು ಕಷ್ಟ. ವಾಪಸ್ ಹೋಗುವಾಗ ಭಾರತದಲ್ಲೂ 6 ದಿನ ಕ್ವಾರಂಟೈನ್‌ನಲ್ಲಿ ಇಡಬಹುದು.

ಮಲೇರಿಯ ಮಾತ್ರ ಹಗುರವಾಗಿ ತಗೋಬೇಡಿ. ಇಲ್ಲಿ ಜಾಸ್ತಿ ಇರುವುದು ಫಾಲ್ಸಿಪ್ಯಾರಮ್ ಅನ್ನುವ ಅಪಾಯದ ಮಲೇರಿಯ, ಅದಕ್ಕೆ ಕ್ಲೋರೋಕ್ವಿನ್ ಮಾತ್ರೆ ನಂಬುವಂತಿಲ್ಲ. ಮಲೇರಿಯ ಬರದ ಹಾಗೆ ಯಾವ ಮಾತ್ರೆ ನುಂಗಬೇಕು ಅಂತ ಡಾಕ್ಟರ್ ಹೇಳಲಿ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಊರಿಗೆ ಹೋದ ಮೇಲೂ 4 ವಾರ ನುಂಗಬೇಕು. ಆಮೇಲೆ ಯಾವಾಗ ಜ್ವರ ಬಂದರೂ ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ ಮಾತು ಉಗಾಂಡಕ್ಕೆ ಹೋಗಿದ್ದೆ ಅನ್ನುವುದು. ವಿಕ್ಟೋರಿಯಾ ಸರೋವರ ನೋಡಿದರೆ ಈಜಬೇಕು ಅನ್ನಿಸುತ್ತೆ, ಬೇಡ. ನೀರಿನ ಬಸವನಹುಳದಿಂದ ಹರಡುವ ಬಿಲ್ಹಾರ್ಜಿಯ ಅನ್ನುವ ರೋಗದ ಹುಳ ಚರ್ಮದ ಮೂಲಕವೇ ಮೈ ಸೇರುತ್ತೆ.

ಊಟದ ಚಿಂತೆ ಬೇಡ. ಮೆಕ್ಕೆಜೋಳದ ಹಿಟ್ಟಿನ ಪೋಶೊ ನಮ್ಮ ಮುದ್ದೆಯ ಹಾಗೇ, ಜೊತೆಗೆ ಬೇಯಿಸಿದ ಬೀನ್ಸ್. ಡೋಡೊ ಅಂತ ಮಾರುವುದು ದಂಟಿನ ಸೊಪ್ಪು. ಚಪಾತಿ ಬೀದಿ ಬೀದಿಯಲ್ಲಿ ಸುಡುತ್ತಾರೆ. ಯಾರಾದರೂ ಎದುರಾದರೆ ಕ್ಷೇಮಸಮಾಚಾರ ಕೇಳದೆ ಕೆಲಸದ ಮಾತಿಗೆ ಇಳಿಯಬೇಡಿ. ಹುಡುಗಿಯರು ಮಂಡಿಯೂರಿ ನಮಸ್ಕಾರ ಮಾಡಿದರೆ ಗಾಬರಿಯಾಗಬೇಡಿ, ದೊಡ್ಡವರಿಗೆ ಹಾಗೇ ಮಾಡುವ ರೂಢಿ.

ನನಗೆ ಅನುಮಾನ ಇರುವುದು ನಿಮ್ಮನ್ನು ಕಳಿಸುವ ಏಜೆನ್ಸಿ ಮೇಲೆ. ಅಷ್ಟು ಹಣ ಕಟ್ಟಿಸಿಕೊಂಡೂ ಟೂರಿಸ್ಟ್ ವೀಸಾದಲ್ಲೇ ಬನ್ನಿ ಅಂದಿದ್ದಾರೆ. ಟೂರಿಸ್ಟ್ ವೀಸಾ ತಿರುಗಾಟಕ್ಕೆ, ಆರು ತಿಂಗಳು ಪಾಠ ಮಾಡುವುದಕ್ಕಲ್ಲ, ಸಂಬಳ ಇಲ್ಲದಿದ್ದರೂ ಅಷ್ಟೇ. ಪಾಠ ಮಾಡಲು ಬೇಕಾದ ಪರ್ಮಿಟ್ ಯಾರು ಮಾಡಿಸುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ನಿಮ್ಮನ್ನು ಕರೆದಿದ್ದು ಶಾಲೆಯ ಹೆಡ್‌ಮಾಸ್ಟರಾ, ಇಲ್ಲ ಏಜೆನ್ಸಿಯವರೇ ಜಾಗ ಹುಡುಕಿದ್ದಾ, ಅದನ್ನೂ ಕೇಳಿ. ಗಣಿತ ಬಿಟ್ಟು ಅನಾಥಾಶ್ರಮದ ಮಕ್ಕಳ ಜೊತೆ ಆಟ ಆಡಿ ಅಂದರೆ ನನ್ನ ಪ್ರಕಾರ ಹೊರಡಲೇಬೇಡಿ. ಎಷ್ಟೋ ಕಡೆ ಆ ಮಕ್ಕಳಿಗೆ ಅಪ್ಪನೋ ಅಮ್ಮನೋ ಇರುತ್ತಾರೆ. ಆಶ್ರಮ ನಡೆಯುವುದು ನಿಮ್ಮಂಥವರ ದುಡ್ಡಿನಿಂದ.

ಅವರ ಉತ್ತರ ಬಂದ ಮೇಲೆ ಶಾಲೆಯ ಹೆಸರು ಬರೆದು ಕಳಿಸಿ. ಹತ್ತಿರ ಇದ್ದರೆ ಒಂದು ಸಲ ಹೋಗಿ ಹೆಡ್‌ಮಾಸ್ಟರನ್ನೇ ಕೇಳಿ ಬರುತ್ತೇನೆ. ಅಲ್ಲಿವರೆಗೆ ಹಣ ಕಟ್ಟಬೇಡಿ.